ನಿಲ್ಮಿಣಿ ಅತ್ತಿಗೆಯ ವೀಸಾ

ಅತ್ತಿಗೆಯ ವೀಸಾ ಮುಗಿಯಲು ಹತ್ತೊಂಬತ್ತು ದಿನ ಉಳಿದಿದ್ದಾಗ ನಾವಿಬ್ಬರೂ ವಕೀಲರನ್ನು ಹುಡುಕಿಕೊಂಡು ಹೊರಟೆವು. ಅಣ್ಣನಿಗೆ ಹೇಳಲಿಲ್ಲ. ಅವನಿಂದ ಮುಚ್ಚಿಡಬೇಕು ಅಂತಲ್ಲ, ಅವನ ತಲೆನೋವು ಒಂದಿಷ್ಟು ಕಡಿಮೆ ಮಾಡೋಣ ಅಂತ. ಆಗ ನಾನು ಹಾಗೇ ಅಂದುಕೊಂಡಿದ್ದೆ.

ಅತ್ತಿಗೆಯ ಹೆಸರು ನಿಲ್ಮಿಣಿ. ಶ್ರೀಲಂಕಾದವಳು, ಕುರುಣೇಗಲ ಅನ್ನೋ ಊರಿನ ಕಡೆಯವಳು. ನಮ್ಮಣ್ಣ ಲಿಂಗರಾಜು ಕುವೈತಿನಲ್ಲಿ ಒಬ್ಬರ ಮನೆಯ ಡ್ರೈವರ್ ಆಗಿದ್ದಾಗ ಅದೇ ಮನೆಯಲ್ಲಿ ಅವಳು ಅಡುಗೆ ಕೆಲಸಕ್ಕಿದ್ದಳು. ಆರು ವರ್ಷದ ಹಿಂದೆ ಇಬ್ಬರೂ ಊರಿಗೆ ಬಂದು ಕೆ.ಆರ್. ನಗರದಲ್ಲಿ ರಿಜಿಸ್ಟರ್ ಮದುವೆಯಾದರು. ಮೊದಮೊದಲು ಅವಳನ್ನು ನೋಡುವುದಕ್ಕೆಂದೇ ಜನ ಮಜ್ಜಿಗೆ ಕೇಳಿಕೊಂಡು ಮನೆಗೆ ಬರುತ್ತಿದ್ದರು. ಕನ್ನಡ ಕಲಿತಳು, ಮುದ್ದೆ ತಿರುವುವುದು ಕಲಿತಳು. ನಾಟಿ ಹಾಕುವುದನ್ನು ಮಾತ್ರ ಯಾರೂ ಕಲಿಸಬೇಕಾಗಿರಲಿಲ್ಲ. ಅವರದೂ ಗದ್ದೆಯ ಸೀಮೆಯೇ. ಮೊದಲ ವರ್ಷವೇ ಅವಳು ನೆಟ್ಟ ಸಾಲು ನಮ್ಮೆಲ್ಲರ ಸಾಲಿಗಿಂತ ನೆಟ್ಟಗಿತ್ತು. ಆಮೇಲೆ ರಮ್ಯಶ್ರೀ ಹುಟ್ಟಿದಳು. ಈಗ ಅವಳಿಗೆ ನಾಲ್ಕು ವರ್ಷ.

ಹೊರದೇಶದವಳಾದ್ದರಿಂದ ಅತ್ತಿಗೆಗೆ ವರ್ಷ ವರ್ಷವೂ ವೀಸಾ ಮುಂದುವರಿಸಬೇಕಿತ್ತು. ಆ ಅರ್ಜಿಯನ್ನು ಅಣ್ಣನೇ ಕಂಪ್ಯೂಟರ್ ಸೆಂಟರಿನಲ್ಲಿ ಕೂತು ಹಾಕಿಸುತ್ತಿದ್ದ. ಹಾಕಿದ ಕೆಲವು ದಿನಕ್ಕೆ ಠಾಣೆಯಿಂದ ಒಬ್ಬರು ಬಂದು, ಗಂಡ ಹೆಂಡತಿ ಒಟ್ಟಿಗೆ ಬಾಳುತ್ತಿದ್ದಾರಾ ಅಂತ ಅಕ್ಕಪಕ್ಕದಲ್ಲಿ ವಿಚಾರಿಸಿ, ಕಾಫಿ ಕುಡಿದು ಹೋಗುತ್ತಿದ್ದರು. ಈ ಸಲ ಯಾರೂ ಬರಲಿಲ್ಲ. ಅತ್ತಿಗೆ ಎರಡು ಸಲ ಕೇಳಿದಳು. ಹಾಕಿದ್ದೀನಿ, ಬರ್ತಾರೆ ಬುಡು ಅಂದ ಅಣ್ಣ. ನಾನು ಹುಣಸೂರಿನ ಗಾರ್ಮೆಂಟ್ಸಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಒಂದು ಶನಿವಾರ ರಜೆ ಹಾಕಿ, ಅತ್ತಿಗೆಯನ್ನು ಕರೆದುಕೊಂಡು ಠಾಣೆಗೇ ಹೋದೆ. ಅಲ್ಲಿದ್ದ ರೈಟರು ಪುಸ್ತಕ ನೋಡಿ, ಈ ಹೆಸರಿನಲ್ಲಿ ಯಾವ ಅರ್ಜಿಯೂ ಬಂದಿಲ್ಲ ಅಂದರು. ಅತ್ತಿಗೆಯ ಪಾಸ್‌ಪೋರ್ಟ್ ತಿರುಗಿಸಿ ತಾರೀಕು ನೋಡಿದರು. ದಿನ ಜಾಸ್ತಿ ಇಲ್ಲ, ಇದೆಲ್ಲ ತಿಳಿದ ವಕೀಲರನ್ನು ಬೇಗ ನೋಡಿಕೊಳ್ಳಿ ಅಂದರು.

ಅಣ್ಣ ಮರೆತಿದ್ದಾನೆ ಅಂತ ನಾನು ಅತ್ತಿಗೆಗೆ ಸಮಾಧಾನ ಹೇಳಿದೆ. ರೈಸ್‌ಮಿಲ್ಲಿನ ಲಾರಿ ಓಡಿಸುವವನು, ಹೊತ್ತಿಗೆ ಸರಿಯಾಗಿ ಊಟವೇ ಇರೋದಿಲ್ಲ, ಮರೆಯದೆ ಇನ್ನೇನು ಅಂದೆ.

ಕೆ.ಆರ್. ನಗರದ ಕೋರ್ಟಿನ ಎದುರು ಬೋರ್ಡುಗಳಿಗೇನೂ ಬರವಿಲ್ಲ. ಮೊದಲು ಸಿಕ್ಕ ವಕೀಲರು, ಜಮೀನು ಭಾಗದ ಕೇಸಾಗಿದ್ದರೆ ಇವತ್ತೇ ಹಾಕಿಕೊಡುತ್ತಿದ್ದೆ, ಇದು ನಮಗೆ ಗೊತ್ತಿಲ್ಲ ಅಂತ ನೇರವಾಗಿ ಹೇಳಿದರು. ಎರಡನೆಯವರು ಶ್ರೀಲಂಕಾ ಅಂದ ಕೂಡಲೇ ಪಾಸ್‌ಪೋರ್ಟನ್ನು ಮೇಜಿನ ಈಚೆಗೆ ತಳ್ಳಿದರು. ಸೋಮವಾರ ಹುಣಸೂರಿಗೆ ಹೋದೆವು. ಅಲ್ಲಿ ಒಬ್ಬರು ಪಾಸ್‌ಪೋರ್ಟ್ ಮಾಡಿಸುತ್ತೇನೆ ಅಂದರು. ಪಾಸ್‌ಪೋರ್ಟ್ ಇದೆ ಸಾರ್, ವೀಸಾ ಬೇಕು ಅಂದರೆ, ಎರಡೂ ಒಂದೇ ಅಲ್ಲವೇನಮ್ಮಾ ಅಂದರು. ಕೊನೆಗೆ ಕೋರ್ಟಿನ ಹೊರಗೆ ಟೈಪಿಂಗ್ ಮಾಡುತ್ತಾ ಕೂತಿದ್ದ ಹೆಂಗಸು ನಮ್ಮನ್ನು ಕರೆದು, ಕೊಪ್ಪದಲ್ಲಿ ಚಿಕ್ಕಬಸಪ್ಪ ಅಂತ ವಕೀಲರಿದ್ದಾರೆ, ಬೈಲುಕುಪ್ಪೆಯ ಟಿಬೆಟ್‌ನವರ ಕಾಗದಪತ್ರವೆಲ್ಲ ಅವರೇ ನೋಡೋದು, ಅವರಿಗೆ ಗೊತ್ತಿರುತ್ತೆ ಅಂದಳು.

ಪಿರಿಯಾಪಟ್ಟಣ ದಾಟಿ ಕೊಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಅತ್ತಿಗೆ ಕಿಟಕಿಯ ಪಕ್ಕ ಕೂತಳು. ಹೊಗೆಸೊಪ್ಪು ಬೇಯಿಸಿ ಒಣಗಿಸುವ ಕಾಲ. ರಸ್ತೆಯುದ್ದಕ್ಕೂ ಅದರ ವಾಸನೆ. ಎಷ್ಟೋ ದಿನದ ಮೇಲೆ ಅವಳು ನಕ್ಕಳು. ನಿಮ್ಮಣ್ಣನಿಗೆ ಗೊತ್ತಾದರೆ ಎಷ್ಟು ನಾಚಿಕೊಳ್ಳುತ್ತಾರೋ, ಬೈಯಬೇಡ ಕಣೆ ಅಂದಳು.

ಚಿಕ್ಕಬಸಪ್ಪನವರ ಕೋಣೆ ಸ್ವೆಟರ್ ಅಂಗಡಿಯ ಮೇಲಿತ್ತು. ಅರವತ್ತು ದಾಟಿದವರು, ಕಿವಿ ಸ್ವಲ್ಪ ಮಂದ. ನಾನು ಎಲ್ಲವನ್ನೂ ಹೇಳಲು ಬಾಯಿ ತೆರೆದರೆ ಕೈ ಎತ್ತಿ ತಡೆದು, ವೀಸಾ ಯಾರದೋ ಅವರೇ ಹೇಳಲಿ ಅಂದರು. ಅತ್ತಿಗೆ ಹೇಳಿದಳು. ಗಂಡನ ಜೊತೆ ಸರಿಯಾಗಿ ಇದ್ದೀರಾ ಅಂತ ಕೇಳಿದರು.

"ಇದ್ದೀನಿ ಸಾರ್. ಬೆಳಿಗ್ಗೆ ಅವ್ರಿಗೆ ಬುತ್ತಿ ಕಟ್ಟೇ ಬಂದಿರೋದು" ಅಂದಳು ಅತ್ತಿಗೆ.

ಅವರು ಒಂದೇ ಬೆರಳಿನಲ್ಲಿ ಟೈಪು ಮಾಡುತ್ತಾ ಮುಕ್ಕಾಲು ಗಂಟೆ ಅರ್ಜಿ ತುಂಬಿದರು. ಗಂಡನ ಒಪ್ಪಿಗೆ ಪತ್ರ ಬೇಕಾಗುತ್ತದೆ, ಅದನ್ನು ಆಮೇಲೆ ಸೇರಿಸೋಣ, ಮೊದಲು ತಾರೀಕಿನೊಳಗೆ ಅರ್ಜಿ ಹೋಗಿರಲಿ ಅಂದರು. ಮೆಟ್ಟಿಲು ಇಳಿಯುವಾಗ ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಐದನೆಯ ದಿನ ಅವರ ಫೋನು ಬಂತು. ಇಬ್ಬರೂ ಬನ್ನಿ ಅಂದರು, ಯಾಕೆಂದು ಹೇಳಲಿಲ್ಲ.

ಹೋದಾಗ ಮೇಜಿನ ಮೇಲೆ ಒಂದು ಹಾಳೆ ಇತ್ತು. ವೀಸಾ ಕಚೇರಿಯಿಂದ ಉತ್ತರ ಬಂದಿದೆ, ಜೊತೆಗೆ ಅವರಿಗೆ ಮೊದಲೇ ತಲುಪಿದ್ದ ಈ ಪತ್ರದ ಪ್ರತಿ ಕಳಿಸಿದ್ದಾರೆ, ಇದಕ್ಕೆ ವಿವರಣೆ ಕೇಳಿದ್ದಾರೆ ಅಂದರು ಚಿಕ್ಕಬಸಪ್ಪನವರು. ಅತ್ತಿಗೆಯ ಮುಖ ನೋಡಿಕೊಂಡು ನಿಧಾನವಾಗಿ ಓದಿದರು. ನನ್ನ ಪತ್ನಿ ಎಂಟು ತಿಂಗಳಿನಿಂದ ನನ್ನೊಂದಿಗೆ ವಾಸವಿರುವುದಿಲ್ಲ. ಆಕೆ ಎಲ್ಲಿರುವಳೆಂದು ನನಗೆ ತಿಳಿದಿರುವುದಿಲ್ಲ. ಆಕೆಯ ವೀಸಾ ಮುಂದುವರಿಸಲು ನನ್ನ ಒಪ್ಪಿಗೆ ಇರುವುದಿಲ್ಲ. ಕೆಳಗೆ ಲಿಂಗರಾಜು ಅಂತ ಅಣ್ಣನ ಸಹಿ.

ಅತ್ತಿಗೆಗೆ ಆ ಭಾಷೆ ಪೂರ್ತಿ ಅರ್ಥವಾಗಲಿಲ್ಲ. ಇನ್ನೊಂದು ಸಲ, ನಾವಾಡುವ ಮಾತಿನಲ್ಲಿ ಹೇಳಿದರು. ಅವಳು ಆ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಮಗಳಿಗೆ ನಾನು ಅಕ್ಷರ ತಿದ್ದಿಸುವಾಗ ಪಕ್ಕದಲ್ಲಿ ಕೂತು ಅವಳೂ ಅಷ್ಟಿಷ್ಟು ಕಲಿತಿದ್ದಳು. ಸಾಕ್ಷಿಗಳ ಜಾಗದಲ್ಲಿ ಒಂದು ಹೆಬ್ಬೆಟ್ಟಿನ ಗುರುತು, ಅದರ ಪಕ್ಕ ಚಾಮುಂಡಮ್ಮ ಅಂತ ಬರೆದಿತ್ತು, ನಮ್ಮವ್ವನ ಹೆಸರು. ಅದರ ಕೆಳಗೆ ಒಂದು ಸಹಿ. ಅತ್ತಿಗೆ ಅದರ ಮೇಲೆ ಬೆರಳಿಟ್ಟು, ಮಗು ಓದುವ ಹಾಗೆ ಬಿಡಿಬಿಡಿಯಾಗಿ ಓದಿದಳು.

"ಸು. ಧಾ."

ನನ್ನ ಹೆಸರು, ನನ್ನದೇ ಸಹಿ. ನನಗೆ ಆಗ ನೆನಪಾಯಿತು. ಆಷಾಢದಲ್ಲಿ ಒಂದು ಬೆಳಿಗ್ಗೆ ಬಸ್ಸು ಹಾರನ್ ಹೊಡೆಯುತ್ತಿತ್ತು. ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಅಣ್ಣ ಮಡಿಸಿದ ಕಾಗದ ಹಿಡಿದು ಓಡಿ ಬಂದು, ಮನೆ ಖಾತೆಗೆ ಸಾಕ್ಷಿ ಬೇಕಂತೆ, ಇಲ್ಲೊಂದು ಸೈನ್ ಮಾಡು ಅಂದ. ಜಗುಲಿಯ ಕಂಬಕ್ಕೆ ಕಾಗದ ಒತ್ತಿ ಹಿಡಿದು ಸಹಿ ಮಾಡಿ ಓಡಿದ್ದೆ. ಮಡಿಕೆ ಬಿಚ್ಚಿ ನೋಡಲಿಲ್ಲ. ಅಣ್ಣ ಕೊಟ್ಟದ್ದನ್ನು ಬಿಚ್ಚಿ ನೋಡುವ ಅಭ್ಯಾಸ ನನಗಿರಲಿಲ್ಲ.

ಇದನ್ನೆಲ್ಲ ಹೇಳಿದೆ. ಚಿಕ್ಕಬಸಪ್ಪನವರು ನಂಬಿದರು ಅನ್ನಿಸಿತು. ಅತ್ತಿಗೆ ಮಾತ್ರ ಹಿಂದಿರುಗುವಾಗ ಬಸ್ಸಿನಲ್ಲಿ ಎರಡು ಸೀಟು ಒಟ್ಟಿಗೆ ಖಾಲಿ ಇದ್ದರೂ ಮುಂದೆ ಹೋಗಿ, ಗುರುತಿಲ್ಲದ ಮುದುಕಿಯೊಬ್ಬಳ ಪಕ್ಕ ಕೂತಳು.

ಮಾರನೆಯ ಮಧ್ಯಾಹ್ನ ಅಣ್ಣ ಊಟಕ್ಕೆ ಬಂದ. ಅತ್ತಿಗೆ ಎಂದಿನಂತೆ ಬಡಿಸಿದಳು. ಅವನು ಎರಡು ತುತ್ತು ತಿನ್ನುವವರೆಗೂ ಕಾದು, ಆ ಪ್ರತಿಯನ್ನು ತಟ್ಟೆಯ ಪಕ್ಕ ಇಟ್ಟಳು. ಅವನು ಅದನ್ನು ಓದಲಿಲ್ಲ. ನೋಡಿದ ಕೂಡಲೇ ಏನೆಂದು ಗೊತ್ತಾಗಿತ್ತು.

ಯಾಕಣ್ಣ ಹಿಂಗೆ ಮಾಡ್ದೆ ಅಂತ ನಾನು ಕೇಳಿದೆ. ಅವನು ತಟ್ಟೆಯಿಂದ ತಲೆ ಎತ್ತದೆ ಮಾತಾಡಿದ.

"ಓಗು ಅಂತ ನನ್ ಬಾಯಲ್ಲಿ ಏಳಕ್ಕಾಗ್ಲಿಲ್ಲ ಕಣಮ್ಮಿ. ತಾರೀಕು ಮುಗುದ್ರೆ ಸರ್ಕಾರ್ದೋರೇ ಏಳ್ತಾರೆ ಅಂತ ಸುಮ್ಕಿದ್ದೆ."

ಜಗಳವಾಡಿದ್ದರೆ, ಹೊಡೆದಿದ್ದರೆ ಒಂದು ಮಾತು. ಪತ್ರದಲ್ಲಿ ಬರೆದ ಆ ಎಂಟು ತಿಂಗಳೂ ಅವನು ಅವಳ ಕೈಯಡುಗೆ ಉಂಡಿದ್ದ. ಮಗಳಿಗೆ ಜ್ವರ ಬಂದಾಗ ಇಬ್ಬರೂ ಒಟ್ಟಿಗೆ ಆಸ್ಪತ್ರೆಗೆ ಹೋಗಿದ್ದರು. ಎಲ್ಲಿರುವಳೆಂದು ತಿಳಿದಿರುವುದಿಲ್ಲ ಅಂತ ಬರೆದುಕೊಟ್ಟ ದಿನವೂ ಅವಳು ಹೊಲಿಗೆ ಹಾಕಿದ ಅಂಗಿಯನ್ನೇ ತೊಟ್ಟು ಹೋಗಿರಬೇಕು.

ಅವ್ವ ಬಾಗಿಲಲ್ಲಿ ನಿಂತಿದ್ದಳು. ಎಚ್.ಡಿ. ಕೋಟೆಯ ಕಡೆ, ಅಂತರಸಂತೆಯಲ್ಲಿ ನಮ್ಮ ಸೋದರಮಾವನ ನಂಟರ ಹುಡುಗಿ ಇದೆ, ಅವರು ಕೇಳುತ್ತಿದ್ದಾರೆ ಅಂದಳು. ನಮ್ಮ ಜನ, ನಮ್ಮ ಮಾತು. ವರ್ಷ ವರ್ಷ ಮನೆ ಬಾಗಿಲಿಗೆ ಪೊಲೀಸು ಬರುವುದು ತಪ್ಪುತ್ತದೆ. ಅವನ ಬದುಕೂ ನೋಡಬೇಕಲ್ಲ ಅಂದಳು. ಅದನ್ನು ಅವಳು ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಅತ್ತಿಗೆಗೆ ಬಾಣಂತನ ಮಾಡಿದ ಕೈ ಅದು. ಅದೇ ಕೈಯ ಹೆಬ್ಬೆಟ್ಟು ಆ ಕಾಗದದ ಮೇಲಿತ್ತು.

ಅತ್ತಿಗೆ ಕೇಳಿದ್ದು ಒಂದೇ ಮಾತು.

"ಮಗು?"

"ಮಗು ಇಲ್ಲೇ ಉಟ್ಟಿದ್ದಲ್ವಾ, ಇಲ್ಲೇ ಇರ್ತದೆ" ಅಂದ ಅಣ್ಣ.

ಅತ್ತಿಗೆ ಒಳಗೆ ಹೋಗಿ ಮಗುವಿನ ಬಟ್ಟೆ ತೆಗೆದಿಡತೊಡಗಿದಳು. ನಾನೂ ನನ್ನ ಬಟ್ಟೆ ತೆಗೆದೆ. ನೀನೆಲ್ಲಿಗೆ ಅಂತ ಅವ್ವ ಕೇಳಿದಳು. ನನ್ನ ಸಹಿ ಅತ್ತಿಗೆಯನ್ನು ಎಲ್ಲಿಗೆ ತಳ್ಳಿತೋ ಅಲ್ಲಿಗೆ ಅಂದೆ. ಅದು ಅವಳಿಗೆ ಅರ್ಥವಾಗಲಿಲ್ಲ.

ಹುಣಸೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವ ರಾಣಿಯ ಮನೆಯ ಹಿಂದೆ ಒಂದು ಕೋಣೆ ಇತ್ತು. ಅಣ್ಣ ಮತ್ತೆ ಲಾರಿಗೆ ಹೋದ ಮೇಲೆ, ಮಗುವನ್ನೂ ಕರೆದುಕೊಂಡು ಮೂವರೂ ಅಲ್ಲಿಗೆ ಹೋದೆವು. ಮುಂದಿನ ಒಂದು ವಾರ ಓಡಾಟವೇ ಓಡಾಟ. ನನ್ನಿಂದ ಸುಳ್ಳು ಹೇಳಿ ಸಹಿ ಮಾಡಿಸಿಕೊಂಡರು, ನನ್ನ ಅತ್ತಿಗೆ ಒಂದು ದಿನವೂ ಗಂಡನ ಮನೆ ಬಿಟ್ಟಿರಲಿಲ್ಲ ಅಂತ ನಾನು ಪ್ರಮಾಣಪತ್ರ ಬರೆದುಕೊಟ್ಟೆ. ಈ ಸಲ ಪ್ರತಿ ಸಾಲನ್ನೂ ಓದಿದೆ. ಮಗು ತಾಯಿಯ ಬಳಿಯೇ ಇರಬೇಕೆಂದು ಚಿಕ್ಕಬಸಪ್ಪನವರು ಕೋರ್ಟಿನಲ್ಲಿ ದಾವೆ ಹಾಕಿದರು. ಪೊಲೀಸರು ಊರಿಗೆ ವಿಚಾರಣೆಗೆ ಹೋದಾಗ, ಆರು ವರ್ಷ ಅತ್ತಿಗೆಯ ಜೊತೆ ಗದ್ದೆಗಿಳಿದಿದ್ದ ಹೆಂಗಸರು ಯಾರೂ ಬಾಯಿ ಬಿಡಲಿಲ್ಲ. ಅವರ ಮನೆ ವಿಷಯ ನಮಗೇನು ಗೊತ್ತು ಅಂದರಂತೆ. ಪಕ್ಕದ ಮನೆಯ ದೊಡ್ಡಮಾದಯ್ಯ ಒಬ್ಬರೇ, ಈಯಮ್ಮ ಮೊನ್ನೆಮೊನ್ನೆವರೆಗೂ ಇಲ್ಲೇ ಇದ್ದಳು, ಬರೆದುಕೊಳ್ಳಿ ಅಂದರು. ಅಣ್ಣ ಅವತ್ತಿನಿಂದ ಅವರ ಜೊತೆ ಮಾತು ಬಿಟ್ಟಿದ್ದಾನೆ.

ತಾರೀಕು ಮುಗಿಯಲು ಒಂದು ದಿನ ಉಳಿದಿದ್ದಾಗ ಉತ್ತರ ಬಂತು. ಕೋರ್ಟಿನ ವ್ಯವಹಾರ ಇರುವುದರಿಂದ ಆರು ತಿಂಗಳು ಮುಂದುವರಿಸಿದ್ದಾರೆ. ಆಮೇಲಿನದು ಆಮೇಲೆ. ನಾನು ಅತ್ತುಬಿಟ್ಟೆ. ಅತ್ತಿಗೆ ವಕೀಲರಿಗೆ ಕೈಮುಗಿದು, ಆ ಹಾಳೆಯ ತಾರೀಕನ್ನು ಎರಡೆರಡು ಸಲ ಓದಿಸಿಕೊಂಡು, ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದಳು.

ಆ ಮಧ್ಯೆ ಅಣ್ಣ ಎರಡು ಸಲ ಫೋನು ಮಾಡಿದ. ಒಂದು ಸಲ ದಾವೆ ವಾಪಸು ತೆಗೆಸು ಅಂದ. ಇನ್ನೊಂದು ಸಲ ರಮ್ಯಶ್ರೀ ಉಂಡಳಾ ಅಂತ ಮಾತ್ರ ಕೇಳಿ ಇಟ್ಟ. ಆ ಎರಡನೆಯದಕ್ಕೆ ನನಗೆ ಇನ್ನೂ ಹೆಚ್ಚು ಸಿಟ್ಟು ಬಂತು.

ಈಗ ಅತ್ತಿಗೆ ಹುಣಸೂರಿನ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ನಾವು ಒಂದೇ ಕೋಣೆಯಲ್ಲಿದ್ದೇವೆ. ಸರದಿಯ ಮೇಲೆ ಮಗುವನ್ನು ನೋಡಿಕೊಳ್ಳುತ್ತೇವೆ. ನನ್ನ ಮೇಲೆ ಅವಳು ಒಂದು ದಿನವೂ ರೇಗಿಲ್ಲ. ಮೊದಲೆಲ್ಲ ನನ್ನನ್ನು ನಂಗಿ ಅನ್ನುತ್ತಿದ್ದಳು, ಅವರ ಭಾಷೆಯಲ್ಲಿ ತಂಗಿ ಅಂತ. ಕೊಪ್ಪದಿಂದ ಬಂದ ಆ ದಿನದಿಂದ ಸುಧಾ ಅನ್ನುತ್ತಾಳೆ. ಒಮ್ಮೆ ಧೈರ್ಯ ಮಾಡಿ, ನಾನು ಓದದೆ ಸಹಿ ಮಾಡಿದ್ದು ಅತ್ತಿಗೆ, ಬೇಕು ಅಂತ ಅಲ್ಲ ಅಂದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಗೊತ್ತು ಅಂದಳು. ಒಂದು ಕಲ್ಲು ಹೆಕ್ಕಿ ಆಚೆ ಹಾಕಿ, ನಾನೂ ಓದದೇನೇ ಮದುವೆ ಕಾಗದಕ್ಕೆ ಸಹಿ ಮಾಡಿದ್ದೆ ಅಂದಳು. ಮೊರವನ್ನು ಅಲುಗಿಸಿ, ಆರಿಸಿದ ಅಕ್ಕಿಯನ್ನು ಪಾತ್ರೆಗೆ ಸುರಿದುಕೊಂಡು ನೀರು ಹಿಡಿಯಲು ಹೊರಗೆ ಹೋದಳು.