ಅಮ್ಮನ ಕೋಣೆಯ ಬಾಗಿಲು

ಅಮ್ಮನ ಕೈ ಹಿಡಿದುಕೊಂಡು ಕಲಾಮೇಳದ ಮೂರನೇ ಸಾಲಿಗೆ ಬರುವಷ್ಟರಲ್ಲಿ ಅಕ್ಕನಿಗೆ ತಲೆ ಚಿಟ್ಟು ಹಿಡಿದಿತ್ತು. ಒಂದು ಮಳಿಗೆಯಲ್ಲಿ ಹರಿದ ಹಾಸಿಗೆ, ಇನ್ನೊಂದರಲ್ಲಿ ತಳ ಸುಟ್ಟ ಪಾತ್ರೆ, ಮತ್ತೊಂದರಲ್ಲಿ ಯಾರದೋ ಅಜ್ಜಿಯ ಕನ್ನಡಕ. ಅದಕ್ಕೊಂದು ದೀಪ ಬೇರೆ!

"ಈ ವರ್ಷ ಎಲ್ಲರೂ ಮನೆ ಕಡೆಗೇ ತಿರುಗಿದ್ದಾರೆ ಅಕ್ಕಾ," ಎಂದ ಕಲಾವಿದ ತಮ್ಮ. "ಹೋದ ವರ್ಷ ಬರೀ ಯಂತ್ರ, ಪರದೆ. ಈಗ ಬಳಸಿದ ವಸ್ತು, ನೆನಪು, ತಾಯಿ. ಅದೇ ಓಡ್ತಿರೋದು."

"ಮನೆ ಕಡೆ ತಿರುಗಿದೋನು ನಮ್ಮನೆಗೂ ಒಂದ್ಸಲ ಬರಬಹುದಿತ್ತಲ್ಲ. ಆ ಬಾಗಿಲು ಏನಾಯ್ತೋ? ಬಡಗಿ ಸತ್ತನಾ?"

"ಬನ್ನಿ, ನನ್ನ ಮಳಿಗೆ ನೋಡಿ. ಖುಷಿ ಪಡ್ತೀರ," ಎಂದು ತಮ್ಮ ಮುಂದೆ ನಡೆದ.

ಅಮ್ಮನ ಕೋಣೆಯ ಬಾಗಿಲು ನೀರು ಕುಡಿದು ಉಬ್ಬಿದೆ, ಬಡಗಿ ಹತ್ತಿರ ಕೀಸಿಸಿ ತರ್ತೀನಿ ಅಂತ ಇವನೇ ಬಿಚ್ಚಿಕೊಂಡು ಹೋಗಿದ್ದ. ಎಷ್ಟೋ ತಿಂಗಳಾಯಿತು. ಅಕ್ಕನದು ಮನೆಪಾಠದ ಮನೆ. ಮಕ್ಕಳು ಚೆಂಡು ಉರುಳಿತೆಂದು ಪರದೆ ಸರಿಸಿ ಸೀದಾ ಒಳಗೆ ನುಗ್ಗುತ್ತಿದ್ದವು. ಅಮ್ಮ ಬಟ್ಟೆ ಬದಲಾಯಿಸುವಾಗಲೆಲ್ಲ ಅಕ್ಕ ಪಾಠ ಬಿಟ್ಟು ಕಾವಲು ನಿಲ್ಲಬೇಕಿತ್ತು. ಒಮ್ಮೆ ಮರೆತಳು. ಅವತ್ತು ಅಮ್ಮ ಊಟ ಮಾಡಲಿಲ್ಲ. ಆಮೇಲೆ ಸ್ನಾನವನ್ನೇ ದಿನ ಬಿಟ್ಟು ದಿನ ಮಾಡತೊಡಗಿದಳು.

ತಮ್ಮನ ಮಳಿಗೆಯಲ್ಲಿ ಹಲಗೆಯಿಂದ ಮಾಡಿದ ಪುಟ್ಟ ಕೋಣೆ ನಿಂತಿತ್ತು. ಅದಕ್ಕೊಂದು ಹಸಿರು ಬಾಗಿಲು. ಚಿಲಕದ ಪಕ್ಕ, ಅಪ್ಪ ಸುತ್ತಿಗೆ ತಪ್ಪಿ ಹೊಡೆದಿದ್ದ ತಗ್ಗು. ಮೇಲೆ ಫಲಕ: 'ತಾಯಿಯ ಏಕಾಂತ'. ಬಂದವರೆಲ್ಲ ಬಾಗಿಲು ತೆರೆದು ಒಳಗೆ ಇಣುಕಿ, "ಅಬ್ಬಾ, ಎಷ್ಟು ಆಪ್ತ!" ಎನ್ನುತ್ತಿದ್ದರು.

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

"ಥೂ ನಿನ್ನ! ಅಮ್ಮನ ಮರ್ಯಾದೆ ಕಿತ್ತುಕೊಂಡು ಬಂದು ಇಲ್ಲಿ ಏಕಾಂತ ಅಂತ ಬೋರ್ಡು ಹಾಕಿದ್ದೀಯಾ? ಮನೆಗೆ ಮಾರಿ, ಊರಿಗೆ ಉಪಕಾರಿ ಅಂದ್ರೆ ನೀನೇ ಕಣೋ!"

"ಮೆಲ್ಲಗೆ ಅಕ್ಕಾ, ಜನ ನೋಡ್ತಾರೆ."

"ನೋಡ್ಲಿ! ಅಮ್ಮನ್ನ ನೋಡಬಹುದು, ನಿನ್ನನ್ನ ನೋಡಬಾರದಾ?"

"ಹೊಸ ಬಾಗಿಲು ಹಾಕಿಸಿಕೊಡ್ತೀನಿ, ದೇವರಾಣೆ. ಕೊಳ್ಳೋರು ಈಗ ಬರ್ತಾರೆ, ಸುಮ್ನಿರು."

ಅಮ್ಮ ಬಾಗಿಲ ಹತ್ತಿರ ಬಂದಳು. ತಗ್ಗಿನ ಮೇಲೆ ಬೆರಳಾಡಿಸಿದಳು. ಇಣುಕುತ್ತಿದ್ದವನನ್ನು "ಸ್ವಲ್ಪ ಸರಿಯಪ್ಪಾ" ಎಂದು ಸರಿಸಿ ಒಳಗೆ ಹೋದಳು, ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಕೇಳಿಸಿತು.

ಸುತ್ತಲಿನವರು ಇದೂ ಕಲೆಯೇ ಎಂದು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಕೊಳ್ಳುವವರೂ ಬಂದರು. ಬಾಗಿಲು ಎಳೆದು ನೋಡಿದರು, ಬರಲಿಲ್ಲ. ತಮ್ಮನ ಮುಖ ಬೆವೆತುಹೋಯಿತು.

"ಅಕ್ಕಾ, ಕೈ ಮುಗೀತೀನಿ. ಹೊರಗೆ ಬಾ ಅಂತ ಅಮ್ಮನಿಗೆ ಹೇಳು."

"ನಾನ್ಯಾಕೆ ಹೇಳ್ಲಿ? ಬಾಗಿಲಿದೆಯಲ್ಲ, ತಟ್ಟು."

ಅವನು ತಟ್ಟಿದ. ಒಳಗಿನಿಂದ ಅಮ್ಮನ ದನಿ ನಿರಾಳವಾಗಿ ಕೇಳಿತು.

"ಯಾರು?"

"ನಾನಮ್ಮಾ."

"ನಾನು ಅಂದ್ರೆ ಯಾರು?"

ತಮ್ಮ ಕೊಳ್ಳುವವರ ಕಡೆ ತಿರುಗಿ ನೋಡಿದ.

"ಹೇಳೋ," ಎಂದಳು ಅಕ್ಕ. "ಬಾಗಿಲು ಕಿತ್ಕೊಂಡು ಹೋದೋನು ಅಂತ ಹೇಳು."