ಕೈಗೆ ಕೊಟ್ಟ ಎಲೆ

“ಎಲೆ ತಗೊಂಡ್ಯೋ ಇಲ್ವೋ, ಅಷ್ಟು ಬೊಗಳೇ ರಂಡೆ. ಪುರಾಣ ಬೇಡ.”

ಮಂಜಯ್ಯನವರು ಜಗುಲಿಯ ಮೇಲೆ ಆರಾಮಕುರ್ಚಿಯಲ್ಲಿದ್ದರು. ಅವರ ಒಕ್ಕಲುಗಳಾದ ನಾವು ಹದಿನಾಲ್ಕು ಜನ ಕೆಳಗೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆವು. ನಮ್ಮಲ್ಲೊಬ್ಬನಾದ ಕನ್ನಪ್ಪನ ಮಗಳು ಗುತ್ಯಮ್ಮ ಒಬ್ಬಳೇ ನಿಂತಿದ್ದಳು.

“ತಗಂಡೆ,” ಅಂದಳು.

“ಬರ್ಕೊಳ್ಳಿ ಶಾನುಭೋಗ್ರೇ. ಎಲೆ ತಗೊಂಡಿದಾಳೆ.”

ಶಾನುಭೋಗರು ಪೆನ್ನಿನ ಮೂತಿ ಒರೆಸಿಕೊಂಡು ಕೇಳಿದರು: “ಒಂದು ಕೈಲೋ, ಎರಡು ಕೈಲೋ?”

“ಎರಡು ಕೈಲೂ.”

“ಎರಡೂ ಕೈಲಿ!” ಎಂದು ಶಾನುಭೋಗರು ಹುಬ್ಬೇರಿಸಿದರು. ಒಂದೇ ಕೈಯಲ್ಲಿ ತೆಗೆದುಕೊಂಡಿದ್ದರೆ ಅರ್ಧ ತಪ್ಪು ಮಾಫಿಯಾಗುತ್ತಿತ್ತೋ ಏನೋ.

ಎಲೆ ಕೊಟ್ಟವರು ಪದ್ಮಾಕರರಾಯರು. ಎರಡು ತಿಂಗಳಿಂದ ಸಾಗರದಲ್ಲಿ ಟೆಂಟ್ ಹಾಕಿದ್ದ ನಾಟಕ ಕಂಪನಿಯ ದೊಡ್ಡ ನಟರು. ರಾಮನ ಪಾತ್ರ ಅವರದೇ. ಅವರು ಬಸ್ಸಿನಿಂದ ಇಳಿದರೆ ಹೆಂಗಸರು ಕಾಲಿಗೆ ಬೀಳುತ್ತಿದ್ದರು. ತೀರ್ಥಹಳ್ಳಿಯ ವಕೀಲರೊಬ್ಬರು ಅವರು ಕಾಫಿ ಕುಡಿದಿಟ್ಟ ಲೋಟವನ್ನು ತೊಳೆಯದೆ ಗಾಜಿನ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆಂದು ಸುದ್ದಿಯಿತ್ತು. ಅಂಥವರು ದಣಿವಾರಿಸಿಕೊಳ್ಳಲು ಈ ನಿಟ್ಟೂರಿಗೆ ಬಂದು, ಮಂಜಯ್ಯನವರ ರಸ್ತೆ ಬದಿಯ ಬಂಗ್ಲೆಯಲ್ಲಿ ಉಳಿದಿದ್ದರು. ಬರುವ ಭಾನುವಾರ ಅವರಿಗೆ ಸನ್ಮಾನ. ‘ರಂಗಕೌಸ್ತುಭ’ ಎಂಬ ಬಿರುದು. ಸಮಿತಿಯ ಅಧ್ಯಕ್ಷರು ಮಂಜಯ್ಯನವರೇ.

ಬಂಗ್ಲೆಯ ಕಸ ಗುಡಿಸುವ ಬಿಟ್ಟಿ ಕೆಲಸ ಗುತ್ಯಮ್ಮನದು. ಇಪ್ಪತ್ತಾರು ವಯಸ್ಸು. ಗಂಡ ಅಣೆಕಟ್ಟಿನ ಕೆಲಸಕ್ಕೆಂದು ಹೋದವನು ತಿರುಗಿ ಬರಲಿಲ್ಲ. ರಾಯರು ಬಂದ ಎರಡನೆಯ ಬೆಳಿಗ್ಗೆ ಬೆಳ್ಳಿ ಡಬ್ಬಿಯಿಂದ ಎಲೆ-ಅಡಿಕೆ ತೆಗೆದು ಅವಳ ಕೈಗೆ ಕೊಟ್ಟರು. ಆಮೇಲೆ ಬಾಗಿಲು ಹಾಕಿದರು. ಅದನ್ನು ಅವಳು ಅಪ್ಪನಿಗೆ ಒಂದೇ ಮಾತಿನಲ್ಲಿ ಹೇಳಿದ್ದಳು. ಕನ್ನಪ್ಪ ಅದನ್ನು ಒಡೆಯರಿಗೆ ಹೇಳಲು ದಾರಿಯುದ್ದಕ್ಕೂ ಮಾತು ಹುಡುಕಿ, ಒಂದೂ ಸಿಗದೆ, ಅವರ ಮೆಟ್ಟಿಲ ಬಳಿ ನಿಂತು ಅತ್ತಿದ್ದ. ಅದಕ್ಕೇ ಈ ಪಂಚಾಯ್ತಿ.

ನಮ್ಮ ಕಡೆ ಎಲೆಗೆ ಒಂದು ಕಟ್ಟಳೆಯಿದೆ. ಬೆಳಿಗ್ಗೆ ಒಡೆಯರು ಜಗುಲಿಯಿಂದ ಎಲೆ-ಅಡಿಕೆ ಎಸೆಯುತ್ತಾರೆ. ನಾವು ಕೆಳಗೆ ಪಂಚೆಯ ಸೆರಗೊಡ್ಡಿ ಹಿಡಿಯುತ್ತೇವೆ. ಹಿಡಿದವನು ಆ ದಿನದ ಆಳು. ಹೊತ್ತು ಮುಳುಗುವವರೆಗೆ ಒಡೆಯರು ಹೇಳಿದ್ದಕ್ಕೆ ಇಲ್ಲ ಅನ್ನುವಂತಿಲ್ಲ.

“ಕೈಗೆ ಕೊಟ್ರು ಒಡೇರೆ,” ಅಂದಳು ಗುತ್ಯಮ್ಮ. “ನಮಗೆ ಯಾರೂ ಕೈಗೆ ಕೊಟ್ಟಿದ್ದಿಲ್ಲ. ಒಳ್ಳೇರು ಅಂದ್ಕಂಡೆ. ಗುಡ್ಸಾ ಕೆಲ್ಸಕ್ಕೆ ಕೊಟ್ರು ಅಂದ್ಕಂಡೆ.”

“ಯಾವ ಕೆಲ್ಸಕ್ಕೆ ಅಂತ ಕೇಳಿದ್ಯಾ?”

“ಇಲ್ಲ.”

“ಕೇಳ್ದೇ ತಗೊಂಡ್ಳು, ಬರ್ಕೊಳ್ಳಿ. ಮತ್ತೆ ಕೂಗಿದ್ಯಾ? ಬಂಗ್ಲೆಯಿಂದ ರಸ್ತೆಗೆ ಮೂವತ್ತು ಹೆಜ್ಜೆ.”

“ಕೂಗಿದ್ರೆ ಯಾರು ಬತ್ತಿದ್ರು?”

ಅವಳು ಇದನ್ನು ಒಡೆಯರನ್ನು ನೋಡಿ ಕೇಳಲಿಲ್ಲ. ನಮ್ಮ ಕಡೆ ತಿರುಗಿ ಕೇಳಿದಳು. ಆ ಹೊತ್ತಿಗೆ ನಾವು ಹತ್ತು ಜನ ಬಂಗ್ಲೆಯ ಹಿಂದೆಯೇ ಬೇಲಿ ಕಟ್ಟುತ್ತಿದ್ದೆವು. ಬಾಗಿಲು ಹಾಕಿದ ಸದ್ದು ನಮಗೆ ಕೇಳಿತ್ತು. ಅದನ್ನು ಈವರೆಗೆ ನಾವು ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ.

ನಮ್ಮ ಕೇರಿಯ ಹಿರಿಯ ಧರ್ಮಪ್ಪ ಕೆಮ್ಮಿ, ಯಾರೂ ಕೇಳದಿದ್ದರೂ ಹೇಳಿದ: “ಹೆಂಗ್ಸು ಹಲ್ಲು ಬಿಡ್ದೆ ಗಂಡ್ಸು ಹತ್ರ ಬತ್ತಾನ ಒಡೇರೆ? ನಮ್ದೂ ತಪ್ಪು ಅದೆ.”

“ನೋಡು, ನಿಮ್ಮೋನೇ ಹೇಳ್ತಾನೆ,” ಅಂದರು ಮಂಜಯ್ಯನವರು.

ಬಾಗಿಲ ಸಂದಿಯಲ್ಲಿ ನಿಂತಿದ್ದ ಅವರ ಹೆಂಡತಿ ವನಮಾಲಾ ಅಮ್ಮನವರಿಗೆ ತಡೆಯಲಾಗಲಿಲ್ಲ. ರಾಯರ ಫೋಟೋವನ್ನು ಅವರು ದೇವರ ಗೂಡಿನ ಪಕ್ಕದಲ್ಲೇ ತೂಗುಹಾಕಿದ್ದರು. “ಎಂತ ಸುಳ್ಳು ಹೇಳ್ತು ನೋಡಿ ಇದು!” ಎಂದು ಗಂಡನಿಗೆ ತಮ್ಮ ಮನೆಮಾತಿನಲ್ಲಿ ಹೇಳಿ, ನಮ್ಮ ಭಾಷೆಗೆ ಇಳಿದು ಗುತ್ಯಮ್ಮನಿಗೆ ಹೇಳಿದರು: “ಅಂಥೋರು ನಿನ್ನ ಮುಟ್ತಾರೇನೇ? ಯಾವತ್ತಾದ್ರೂ ಕನ್ನಡಿ ನೋಡ್ಕೊಂಡಿದೀಯಾ?”

ಅಲ್ಲಿಗೆ ಅವರ ವಾದ ಎರಡಾಗಿತ್ತು. ರಾಯರು ಮುಟ್ಟಲೇ ಇಲ್ಲ ಎಂಬುದು ಒಂದು. ಮುಟ್ಟಿದ್ದಕ್ಕೆ ಅವಳು ಒಪ್ಪಿದ್ದಳು ಎಂಬುದು ಇನ್ನೊಂದು. ಜಗುಲಿಯ ಮೇಲೆ ಎರಡೂ ಒಟ್ಟಿಗೇ ನಿಜವಾಗಿದ್ದವು.

“ಮಾರನೇ ದಿನ ಮತ್ತೆ ಗುಡ್ಸೋಕೆ ಹೋಗಿದ್ಯಲ್ಲ, ಅದ್ಯಾಕೆ?” ಶಾನುಭೋಗರು ಕೊನೆಯ ಮೊಳೆ ಹೊಡೆದರು.

“ಹೋಗ್ದಿದ್ರೆ ಗದ್ದೆ ಬಿಡಿಸ್ತೀರಿ.”

ಕನ್ನಪ್ಪ ಎದ್ದು ನಿಂತ. “ಒಡೇರೆ, ನ್ಯಾಯ ಮಾಡಿ. ಇಲ್ದಿದ್ರೆ ಮಗ್ಳ ಕರ್ಕಂಡು ಎಲ್ಲಾದ್ರೂ ಹೋಗ್ತೀನಿ.”

“ಹೋಗಪ್ಪಾ,” ಮಂಜಯ್ಯನವರು ನಕ್ಕರು. “ನಿಮ್ಮೂರಿಗೇ ಹೋಗು. ಈಜೋಕೆ ಬರುತ್ತಾ?”

ಶಾನುಭೋಗರೂ ನಕ್ಕರು. ನಮ್ಮೂರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿ ಎರಡು ವರ್ಷವಾಗಿತ್ತು. ಕನ್ನಪ್ಪ ಮತ್ತೆ ಕೂತ.

ಒಡೆಯರ ದನಿ ಮೆತ್ತಗಾಯಿತು. “ನಾನೇನು ಕಟುಕ ಅಲ್ಲ. ಗುತ್ಯಮ್ಮಾ, ಭಾನುವಾರ ಎಲ್ಲರ ಎದುರಿಗೆ ನೀನೇ ರಾಯರಿಗೆ ಎಲೆ-ಅಡಿಕೆ ಕೊಡು. ಕೈಗೇ ಕೊಡು. ಅವರು ತಗೊಳ್ತಾರೆ. ಊರ ಬಾಯಿ ಮುಚ್ಚುತ್ತೆ, ನಿಮ್ಮಪ್ಪನ ಗದ್ದೆ ಉಳಿಯುತ್ತೆ. ಏನಂತೀಯ?”

ಗುತ್ಯಮ್ಮ ಒಪ್ಪಿಕೊಂಡು ಬಿಡಲಿ, ಮನೆಗೆ ಹೋಗೋಣ ಎಂದು ನಾವು ಒಳಗೊಳಗೇ ಬೇಡಿಕೊಂಡೆವು.

“ಒಡೇರೆ, ಒಂದ್ ಮಾತು,” ಅಂದಳು. “ಎಲೆ ತಗಂಡ್ರೆ ಒಪ್ಪಿದ್ದು ಅಂತ್ಲೇ ಅಲ್ವಾ?”

“ಅದನ್ನೇ ತಾನೆ ಇಷ್ಟು ಹೊತ್ತು ಹೇಳಿದ್ದು?”

“ಯಾವ ಕೆಲ್ಸಕ್ಕೆ ಅಂತ ಕೇಳ್ದೆ ತಗಂಡ್ರೂ?”

“ತಗೊಂಡ ಮೇಲೆ ಮುಗೀತು. ಈ ಸೀಮೆಯಲ್ಲಿ ಯಾರನ್ನ ಬೇಕಾದ್ರೂ ಕೇಳು.”

“ಆಗ್ಲಿ. ಕೊಡ್ತೀನಿ.”

ಭಾನುವಾರ ಬೆಳಿಗ್ಗೆ ಒಡೆಯರು ಎಸೆದ ಎಲೆ ಹಿಡಿದು ನಾವು ಚಪ್ಪರ ಹಾಕಿದೆವು, ಬೆಂಚು ಹೊತ್ತೆವು. ಗುತ್ಯಮ್ಮ ಸ್ಟೇಜು ಗುಡಿಸಿ, ಕಸಬರಿಗೆಯನ್ನು ಅಲ್ಲೇ ಮೇಜಿನ ಕೆಳಗೆ ಇಟ್ಟಳು. ಕಸಬರಿಗೆ ಎಲ್ಲಿದೆ ಎಂದು ಯಾರೂ ನೋಡುವುದಿಲ್ಲ.

ಮಧ್ಯಾಹ್ನ ಮೂರಕ್ಕೆ ಸಭೆ ಶುರುವಾಯಿತು. ಸಾಗರ, ಹೊಸನಗರದಿಂದೆಲ್ಲ ಜನ ಬಂದಿದ್ದರು. ಲೋಟದ ವಕೀಲರು ಏಕಪತ್ನೀವ್ರತದ ಮೇಲೆ ಮುಕ್ಕಾಲು ಗಂಟೆ ಮಾತಾಡಿ, ರಾಯರು ಪಾತ್ರ ಮಾಡುವುದಿಲ್ಲ, ಪಾತ್ರವೇ ಆಗಿಬಿಡುತ್ತಾರೆ ಎಂದರು. ವನಮಾಲಾ ಅಮ್ಮನವರು ಕಣ್ಣೊರೆಸಿಕೊಂಡರು. ರಾಯರು ಶಾಲು, ಪೇಟ ಹಾಕಿಸಿಕೊಂಡು ಮೈಕಿನ ಮುಂದೆ ಬಂದು ಗದ್ಗದಿತರಾದರು. “ಜನರೇ ನನ್ನ ದೇವರು. ಅವರು ಏನು ಕೊಟ್ಟರೂ ಪ್ರಸಾದ.”

ಮಂಜಯ್ಯನವರು ಗುತ್ಯಮ್ಮನಿಗೆ ಸನ್ನೆ ಮಾಡಿದರು. ಅವಳು ಸ್ಟೇಜು ಹತ್ತಿ, ಎಲೆಯ ಮೇಲೆ ಒಂದು ಅಡಿಕೆ ಇಟ್ಟು ಚಾಚಿದಳು. ರಾಯರು ಅವಳ ಮುಖ ನೋಡಲಿಲ್ಲ. ಬೆಳಿಗ್ಗೆಯಿಂದ ಎಷ್ಟೋ ಕೈಗಳಿಂದ ಎಷ್ಟೋ ತೆಗೆದುಕೊಂಡಿದ್ದರು. ಇದನ್ನೂ ತೆಗೆದುಕೊಂಡರು. ಕಣ್ಣಿಗೊತ್ತಿಕೊಂಡರು. ಜನ ಚಪ್ಪಾಳೆ ತಟ್ಟಿದರು.

“ಎಲ್ರೂ ನೋಡಿದ್ರಲ್ಲ?” ಗುತ್ಯಮ್ಮನ ಮಾತು ಮೈಕಿಗೆ ಸಿಕ್ಕಿ ಮೈದಾನದ ತುದಿಯವರೆಗೂ ಹೋಯಿತು. “ರಾಯರು ಎಲೆ ತಗಂಡ್ರು. ಎರಡು ಕೈಲೂ.”

ಬಗ್ಗಿ ಕಸಬರಿಗೆ ತೆಗೆದಳು. ಮೊದಲ ಏಟಿಗೆ ಪೇಟ ಹಾರಿ ವಕೀಲರ ತೊಡೆಯ ಮೇಲೆ ಬಿತ್ತು. ಎರಡನೆಯದು ಕೆನ್ನೆಗೆ. ರಾಯರು ಬಾಯಿ ತೆರೆದರು, ಅದರಿಂದ ಸ್ವರ ಹೊರಡಲಿಲ್ಲ. ಸಾವಿರ ಜನರಿಗೆ ಮೈಕಿಲ್ಲದೆ ಕೇಳಿಸುತ್ತಿದ್ದ ಗಂಟಲು ಅದು.

“ಒಡೇರೆ, ಬರ್ಸ್ಕಳಿ,” ಅವಳು ಏದುಸಿರು ಬಿಡುತ್ತ ಹೇಳಿದಳು. “ರಾಯರು ಕೂಗ್ಲಿಲ್ಲ. ರಸ್ತೆ ಇಲ್ಲೇ ಅದೆ.”

ಮೂರನೆಯ ಏಟಿಗೆ ಕೈಯೆತ್ತಿದಾಗ ಮಂಜಯ್ಯನವರಿಗೆ ಎಚ್ಚರವಾಯಿತು.

“ಹಿಡೀರೋ ಆ ಮುಂಡೇನ! ಧರ್ಮಾ! ಕನ್ನಾ! ಏನ್ ನೋಡ್ತಾ ನಿಂತಿದೀರೋ ಬೋಳಿಮಕ್ಳಾ? ಬೆಳಿಗ್ಗೆ ನನ್ ಎಲೆ ಹಿಡಿದಿಲ್ವಾ?”

ಹಿಡಿದಿದ್ದೆವು. ಹೊತ್ತಿನ್ನೂ ಮುಳುಗಿರಲಿಲ್ಲ. ಚಪ್ಪರದ ಕಂಬಗಳ ಬಳಿ ನಿಂತಿದ್ದ ನಮ್ಮೆಲ್ಲರ ಬಾಯಲ್ಲೂ ಬೆಳಿಗ್ಗೆ ಉಳಿಸಿಟ್ಟುಕೊಂಡಿದ್ದ ಅವರದೇ ಎಲೆ ಇತ್ತು. ಧರ್ಮಪ್ಪ ಒಂದು ಹೆಜ್ಜೆ ಮುಂದಿಟ್ಟ. ಅಭ್ಯಾಸ. ನಮ್ಮ ಕಾಲುಗಳೂ ಎದ್ದವು.

ಕನ್ನಪ್ಪ ನಮ್ಮೆದುರು ಬಂದು ನಿಂತ. ಅಂದೂ ಅವನಿಗೆ ಮಾತು ಸಿಕ್ಕಿರಲಿಲ್ಲ. ಬಾಯಲ್ಲಿದ್ದುದನ್ನೆಲ್ಲ ಒಟ್ಟುಮಾಡಿ, ಒಡೆಯರನ್ನೇ ನೋಡುತ್ತ, ನೆಲಕ್ಕೆ ಉಗಿದ.

ಸ್ಟೇಜಿನ ಮೇಲೆ ಕಸಬರಿಗೆ ಇನ್ನೂ ಎತ್ತಿದಂತೆಯೇ ಇತ್ತು. ಧರ್ಮಪ್ಪ ಅದನ್ನು ನೋಡಿದ. ನಮ್ಮನ್ನು ನೋಡಿದ. ಅವನ ದವಡೆ ಒಮ್ಮೆ ಅಲುಗಿತು.

ಅವನೂ ಉಗಿದ. ಆಮೇಲೆ ನಾವು, ಒಬ್ಬೊಬ್ಬರಾಗಿ.