ಹದಿನಾಲ್ಕನೇ ವಾಕ್ಯ

ಆ ಮನೆಯ ಹಿರಿಸೊಸೆ ಕೋಚಿಂಗ್ ಸೆಂಟರಿನಲ್ಲಿ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಿದ್ದಳು. ಹುಡುಗರು ಅವಳಿಗಿಟ್ಟ ಹೆಸರು ಕತ್ತರಿ ಮೇಡಂ. ತಲೆಯಲ್ಲಿ ಹೇನು ಹೆಕ್ಕುವ ಹಾಗೆ ವಾಕ್ಯದಲ್ಲಿ ತಪ್ಪು ಹೆಕ್ಕುವುದರಲ್ಲಿ ಅವಳಿಗೆ ಸಾಟಿಯಿರಲಿಲ್ಲ. ಬಸ್ಸಿನ ಬೋರ್ಡು, ಔಷಧಿ ಅಂಗಡಿಯ ಚೀಟಿ, ಸೆಂಟರಿನ ಮಾಲೀಕರು ಹೊರಡಿಸಿದ ಸುತ್ತೋಲೆ, ಯಾವುದನ್ನೂ ಬಿಟ್ಟವಳಲ್ಲ.

ಅವಳಿಗೆ ದಿನವೂ ಪುಕ್ಕಟೆ ಸರಕು ಸಿಗುತ್ತಿದ್ದುದು ಮಾತ್ರ ಮನೆಯಿಂದಲೇ. ಓರಗಿತ್ತಿ ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ ಟೈಲರ್. ಸೂಪರ್‌ವೈಸರ್ ಆಗಬೇಕೆಂದರೆ ಇಂಗ್ಲಿಷ್ ಬೇಕು, ಅಭ್ಯಾಸವಾಗಲಿ ಎಂದು ಅವಳು, ತಾನು ಅಕ್ಕ ಎಂದೇ ಕರೆಯುತ್ತಿದ್ದ ಹಿರಿಯವಳಿಗೆ ಫೋನಿನಲ್ಲಿ ಏನು ಬರೆದರೂ ಇಂಗ್ಲಿಷಿನಲ್ಲೇ ಬರೆಯುತ್ತಿದ್ದಳು.

"ತಪ್ಪಿದ್ರೆ ತಿದ್ದಿ ಅಕ್ಕ, ನಾಚ್ಕೊಳ್ಳಲ್ಲ ನಾನು" ಎಂದಿದ್ದಳು ಒಮ್ಮೆ.

ಅಕ್ಕ ಒಂದನ್ನೂ ತಿದ್ದಿಕೊಡಲಿಲ್ಲ. ಎಲ್ಲವನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ಸಂಜೆ ತರಗತಿಯಲ್ಲಿ ಕತ್ತು ವಾರೆ ಮಾಡಿ, ಓರಗಿತ್ತಿಯ ಎಳೆದಾಡುವ ದನಿಯಲ್ಲೇ ‘ಟುಡೇ ಐ ಆಮ್ ಹ್ಯಾವಿಂಗ್ ಹೆಡೇಕ್’ ಎಂದರೆ ಮೂವತ್ತು ಜನ ಬೆಂಚು ಬಡಿದು ನಗುತ್ತಿದ್ದರು. ಜನ ನಕ್ಕರೆ ಅವಳಿಗೆ ಹಸಿವೆಯೂ ಆಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಕಿರಿಯವಳು ಏಳು ತಿಂಗಳ ಬಸುರಿ. ಹೊಟ್ಟೆಯಲ್ಲಿ ಮಗು ಮಿಸುಕಾಡುತ್ತಿಲ್ಲವೆಂದು ಕಾರ್ಖಾನೆಯಿಂದ ನೇರ ಆಸ್ಪತ್ರೆಗೆ ಹೋದಳು. ಇವರಿಬ್ಬರ ಗಂಡಂದಿರು, ಅಣ್ಣತಮ್ಮಂದಿರು, ಒಂದೇ ಲಾರಿಯ ಡ್ರೈವರುಗಳು, ಮೂರು ದಿನದ ದಾರಿಯಾಚೆ ಇದ್ದರು. ಅತ್ತೆಗೆ ಕಿವಿ ಮಂದ, ಫೋನು ಮುಟ್ಟುವವರಲ್ಲ. ಅಕ್ಕನಿಗೆ ಕರೆ ಮಾಡಿದರೆ ಎತ್ತಲಿಲ್ಲ. ಕೊನೆಗೆ ಬರೆದಳು, ಅಭ್ಯಾಸಬಲದಿಂದ ಇಂಗ್ಲಿಷಿನಲ್ಲೇ: ‘ಡಾಕ್ಟರ್ ಈಸ್ ಟೆಲ್ಲಿಂಗ್ ಬೇಬಿ ಹಾರ್ಟ್ ಈಸ್ ನಾಟ್ ಬೀಟಿಂಗ್ ಸಿನ್ಸ್ ಟೂ ಡೇಸ್. ಪ್ಲೀಸ್ ಕಮ್, ಅಕ್ಕ.’

ಆಗ ಮಧ್ಯಾಹ್ನ ಮೂರೂವರೆ. ಕತ್ತರಿ ಮೇಡಂ ಅದನ್ನು ಓದಿದಳು. ಅವಳ ಕಣ್ಣು ಮೊದಲು ಹೋದದ್ದು ‘ಸಿನ್ಸ್’ ಮೇಲೆ. ನಾಲ್ಕು ಗಂಟೆಗೆ ಅದೇ ಪಾಠವಿತ್ತು. ಅಯ್ಯೋ ಅನ್ನಿಸಲಿಲ್ಲವೆಂದಲ್ಲ. ಯಾರಾದರೂ ಹೋಗಿರುತ್ತಾರೆ, ತರಗತಿ ಮುಗಿಸಿ ನಾನೂ ಹೋದರಾಯಿತು ಎಂದುಕೊಂಡಳು. ‘ಬೇಬಿ’ ತೆಗೆದು ವಾಕ್ಯವನ್ನು ಅಂದಿನ ಹಾಳೆಯಲ್ಲಿ ಹದಿನಾಲ್ಕನೆಯದಾಗಿ ಬರೆದಳು, ಎಂದಿನಂತೆ ಮೂಲೆಯಲ್ಲಿ ತಾರೀಖು ಹಾಕಿ ಜೆರಾಕ್ಸಿಗೆ ಕಳಿಸಿದಳು. ತರಗತಿ ಮುಗಿಯುವಷ್ಟರಲ್ಲಿ ಹೋಗುವ ಮುಖ ಉಳಿದಿರಲಿಲ್ಲ. ಫೋನು ನೀರಿಗೆ ಬಿದ್ದು ಕೆಟ್ಟಿತ್ತು, ಆ ವಾರದ ಒಂದು ಮೆಸೇಜೂ ನನಗೆ ಮುಟ್ಟಲಿಲ್ಲ ಎಂದು ಮನೆಯಲ್ಲಿ ಅತ್ತಳು. ಎಲ್ಲರೂ ನಂಬಿದರು. ಕಿರಿಯವಳೇ ಅವಳ ಬೆನ್ನು ಸವರಿ, "ನಿಮ್ದೇನು ತಪ್ಪು ಅಕ್ಕ, ಬಿಡಿ" ಎಂದಿದ್ದಳು.

ಈ ವರ್ಷ ಕಾರ್ಖಾನೆಯವರು ಆರು ಜನ ಕೆಲಸಗಾರರನ್ನು ತಾವೇ ಸೆಂಟರಿಗೆ ಸೇರಿಸಿದರು. ಅವರಲ್ಲಿ ಕಿರಿಯವಳೂ ಒಬ್ಬಳು. ಅಕ್ಕನಿಗೆ ಖುಷಿಯಾಗಲಿ ಎಂದು ಮೊದಲೇ ಹೇಳಲಿಲ್ಲ. ಹೊಸ ಪೆನ್ನು ಹಿಡಿದು ಮೂರನೇ ಬೆಂಚಿನಲ್ಲಿ ಕೂತಳು.

ಮೇಡಂ ‘ಸಿನ್ಸ್’ ಪಾಠದ ಹಳೆಯ ಹಾಳೆಯನ್ನೇ ಮತ್ತೆ ಜೆರಾಕ್ಸ್ ಮಾಡಿಸಿ, ಹಂಚಿಸಿ ತಲೆಯೆತ್ತಿದಾಗಲೇ ಅವಳನ್ನು ಕಂಡದ್ದು. ಕೆಳಗೆ ಬಾಗಿಲ ಬಳಿ ಜೆರಾಕ್ಸ್ ಯಂತ್ರ ಇನ್ನೂ ಗುರುಗುಡುತ್ತಿತ್ತು. ಹಾಳೆ ವಾಪಸು ಕೇಳೋಣವೇ ಎನ್ನುವಷ್ಟರಲ್ಲಿ, ಎರಡು ಸಲ ಫೇಲಾಗಿ ಮತ್ತೆ ಬಂದಿದ್ದ ಹಳೇ ವಿದ್ಯಾರ್ಥಿಯೊಬ್ಬ ಕೂಗಿದ:

"ಮೇಡಂ, ಹದಿನಾಲ್ಕನೇದು! ನಿಮ್ಮ ಓರಗಿತ್ತಿದು ತಾನೇ? ಅವರ ಥರಾನೇ ಹೇಳಿ ಮೇಡಂ!"

ಬೇಡವೆನ್ನಬಹುದಿತ್ತು. ಆದರೆ ನಗಲು ಕಾದ ಮುಖಗಳು ಎದುರಿಗಿದ್ದವು. ಇವಳಿಗೆ ನೆನಪಾದರೂ ಎಲ್ಲಿರುತ್ತದೆ ಎಂದುಕೊಂಡಳು. ಕತ್ತು ವಾರೆ ಮಾಡಿದಳು, ದನಿ ಎಳೆದಳು. ಅದೇ ದನಿ.

ಕೋಣೆಗೆ ಕೋಣೆಯೇ ನಕ್ಕಿತು. ನಗು ಇಳಿಯುವಾಗ ಮೂರನೇ ಬೆಂಚಿನಿಂದ ಕಿರಿಯವಳು ಎದ್ದು ನಿಂತಳು.

"‘ಈಸ್ ಟೆಲ್ಲಿಂಗ್’ ತಪ್ಪು ಮೇಡಂ, ‘ಸೇಸ್’ ಬರ್ಬೇಕು. ‘ಈಸ್ ನಾಟ್’ ಅಲ್ಲ, ‘ಹ್ಯಾಸ್ ನಾಟ್ ಬೀನ್’. ‘ಸಿನ್ಸ್’ ಅಲ್ಲ, ‘ಫಾರ್’. ಆಮೇಲೆ, ಕೊನೇಲಿ ಒಂದು ವಾಕ್ಯ ಬಿಟ್ಟುಹೋಗಿದೆ."

"ಯಾವ ವಾಕ್ಯ?" ಎಂದ ಹಳೇ ವಿದ್ಯಾರ್ಥಿ.

"‘ಪ್ಲೀಸ್ ಕಮ್, ಅಕ್ಕ.’ ಅದ್ರಲ್ಲಿ ತಪ್ಪೇನೂ ಇರ್ಲಿಲ್ಲ. ಅದಕ್ಕೇ ಬಿಟ್ಟಿದಾರೆ ಅನ್ಸುತ್ತೆ."

ಯಾರೂ ನಗಲಿಲ್ಲ. "ಕರೆಕ್ಟ್" ಎಂದಳು ಮೇಡಂ.

ಮೇಡಂ ಮನೆಗೆ ಹೋಗುವಷ್ಟರಲ್ಲಿ, ಕಿರಿಯವಳು ತಂದ ಹಾಳೆ ಅತ್ತೆಯ ಕೈಯಲ್ಲಿತ್ತು.

"ಇಂಗ್ಲಿಷು ನಂಗೆ ಬರಲ್ಲ, ಅಂಕಿ ಬರುತ್ತೆ" ಎಂದರು ಅತ್ತೆ, ಮೂಲೆಯ ತಾರೀಖಿನ ಮೇಲೆ ಬೆರಳಿಟ್ಟು. "ಇದು ಮಗು ಹೋದ ದಿನ. ಅವತ್ತೇ ಓದಿದ್ದೆ ನೀನು."

"ಮಗು ಆಗಲೇ ಹೋಗಿತ್ತಲ್ಲ ಅತ್ತೆ. ನಾನು ಹೋಗಿ ಮಾಡೋದೇನಿತ್ತು?"

ಕಿರಿಯವಳು ಪಾತ್ರೆ ಒರೆಸುತ್ತಿದ್ದಳು. ತಿರುಗಿಯೂ ನೋಡಲಿಲ್ಲ. "ಮನೆಯವರು ಬರ್ಲಿ ಅಂತ ಆಸ್ಪತ್ರೇಲಿ ಐದು ಗಂಟೆ ಕಾಯಿಸಿದ್ರು ನನ್ನ. ಹೊಟ್ಟೇಲಿ ಅದನ್ನಿಟ್ಕೊಂಡು ಬಾಗಿಲು ನೋಡ್ತಾ ಮಲಗಿದ್ದೆ. ಕೊನೆಗೆ ಕಸ ಗುಡಿಸೋ ಅಮ್ಮ ಬಂದು ಕೈ ಹಿಡ್ಕೊಂಡ್ರು."

"ಬೇಕೂಂತ ಮಾಡಿದ್ದಲ್ಲ ಕಣೆ..."

"ಜೆರಾಕ್ಸ್ ಮಾಡ್ಸಿದ್ದೂ ಬೇಕೂಂತ ಅಲ್ವಾ?"

ಲಾರಿ ಬಂದ ಮೇಲೆ ಹಿರಿಯವಳ ಗಂಡನಿಗೂ ವಿಷಯ ಗೊತ್ತಾಯಿತು. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಹಾಸಿಗೆ ಸುತ್ತಿಕೊಂಡು ಹೋಗಿ ಮುಂದಿನ ಕೋಣೆಯಲ್ಲಿ ಹಾಸಿಕೊಂಡ.

ಓರಗಿತ್ತಿ ಇನ್ನು ತರಗತಿಗೆ ಬರಲಾರಳು ಎಂದು ಕತ್ತರಿ ಮೇಡಂ ಎಣಿಸಿದ್ದಳು. ಅವಳು ಮರುದಿನವೇ ಬಂದು ಮೊದಲನೇ ಬೆಂಚಿನಲ್ಲಿ ಕೂತಳು. ಆರು ವಾರ ಒಂದು ದಿನವೂ ತಪ್ಪಿಸಲಿಲ್ಲ. ಅವಳ ಕಣ್ಣೆದುರು ಮೇಡಂಗೆ ಯಾರ ದನಿಯನ್ನೂ ಅಣಕಿಸಲಾಗಲಿಲ್ಲ. ಪಾಠ ಒಣಗಿತು. ಹುಡುಗರು ಆಕಳಿಸಿದರು, ಆಮೇಲೆ ಪಕ್ಕದ ಮೇಷ್ಟ್ರ ಬ್ಯಾಚಿಗೆ ಒಬ್ಬೊಬ್ಬರಾಗಿ ಜಾರಿಕೊಂಡರು.

ಕೊನೆಯ ಪರೀಕ್ಷೆಯಲ್ಲಿ ಕಿರಿಯವಳ ಉತ್ತರಪತ್ರಿಕೆಯನ್ನು ಮೇಡಂ ಮೂರು ಸಲ ತಿರುವಿ ಹಾಕಿದಳು. ಮೊಸರಲ್ಲಿ ಕಲ್ಲು ಹುಡುಕಿದ ಹಾಗೆ ಹುಡುಕಿ, ಒಂದು ವಾಕ್ಯದ ಕೊನೆಗೆ ಚುಕ್ಕಿ ಇಲ್ಲವೆಂದು ಅರ್ಧ ಅಂಕ ಕಡಿದಳು. ಕಡಿದ ಮೇಲೆ ಒಂದಿಷ್ಟು ಹಗುರವಾಯಿತು, ಸುಳ್ಳು ಹೇಳಬಾರದು.

ಕಿರಿಯವಳು ಪತ್ರಿಕೆ ತೆಗೆದುಕೊಂಡು ಅಲ್ಲೇ ನಿಂತು ಚುಕ್ಕಿ ಇಟ್ಟಳು. "ಥ್ಯಾಂಕ್ಸ್, ಮೇಡಂ."

ಮನೆಯಲ್ಲೂ ಅಂದಿನಿಂದ ಅದೇ. ಅಕ್ಕ ಎಂಬ ಮಾತು ಅವಳ ಬಾಯಿಂದ ಮತ್ತೆ ಬರಲಿಲ್ಲ. ‘ಮೇಡಂ, ಗ್ಯಾಸ್ ಮುಗಿದಿದೆ.’ ‘ಮೇಡಂ, ನಲ್ಲಿ ನೀರು ಬಂತು.’ ಕೇಳಿ ಕೇಳಿ ಅತ್ತೆಗೂ ರೂಢಿಯಾಯಿತು. ಊಟಕ್ಕೆ ಕೂತಾಗ ಹಿರಿಸೊಸೆಯ ಮುಖ ನೋಡದೆ, ಕಿರಿಯವಳಿಗೆ ಹೇಳುತ್ತಿದ್ದರು:

"ಮೇಡಂಗೆ ಇನ್ನೊಂದು ಸ್ವಲ್ಪ ಅನ್ನ ಬೇಕಾ ಕೇಳು."